ತೋಟದ ಮನೆಯಲ್ಲೊಂದು ಚಿಕ್ಕ ಸಮುದ್ರ: ತೊಳೆಯೋದು ಕಡಿಮೆ ಮಾಡಿದರೆ ತೊಟ್ಟಿ ತಾನೇ ಸ್ವಚ್ಛ

ಈ ವಾರ ರಾಗಿ, ಅಡಿಕೆ, ತೆಂಗು ಯಾವುದೂ ಅಲ್ಲ. ಉಪ್ಪುನೀರಿನ ಮೀನಿನ ತೊಟ್ಟಿ ಬಗ್ಗೆ ಮಾತಾಡೋಣ. "ತುಮಕೂರಿಗೂ ಸಮುದ್ರಕ್ಕೂ ಏನಣ್ಣ ಸಂಬಂಧ?" ಅಂತ ನೀವು ಕೇಳಬಹುದು. ಸಂಬಂಧ ಇರೋದು ನಿಮ್ಮ ಕೈಯಲ್ಲಿರೋ ಫೋನಿನಲ್ಲಿ. ನೀಲಿ ಲೈಟು, ಕಿತ್ತಳೆ ಬಣ್ಣದ ಕ್ಲೌನ್ ಮೀನು, ಅಲ್ಲಾಡುವ ಹವಳ ಇರೋ ರೀಲ್ಸ್ ನೋಡಿ ನಮ್ಮ ಹುಡುಗರು ಬೆಂಗಳೂರಿನ ಅಂಗಡಿಗೆ ಹೋಗಿ ದುಡ್ಡು ಸುರಿದು ಬರ್ತಾರೆ. ತಿಂಗಳೊಳಗೆ ಮೀನು ಸಾಯುತ್ತೆ, ತೊಟ್ಟಿ ಅಟ್ಟಕ್ಕೆ ಹೋಗುತ್ತೆ. ನಮ್ಮ ಮನೆಯಲ್ಲೂ ಹಾಗೇ ಆಯ್ತು.

ನನ್ನ ಅಕ್ಕನ ಮಗ ತುಮಕೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದ. ರೂಮಿನಲ್ಲಿ 30 ಲೀಟರಿನ ಗಾಜಿನ ತೊಟ್ಟಿ ಇಟ್ಟ. ಅಂಗಡಿಯವರು ಕೊಟ್ಟ ಉಪ್ಪು ಕಲಸಿ, ಮೂರನೇ ದಿನಕ್ಕೇ ನಾಲ್ಕು ಮೀನು ಬಿಟ್ಟ. ಐದನೇ ದಿನ ನೀರು ಮಬ್ಬಾಯ್ತು. ಕೊಳೆ ಅಂದ್ಕೊಂಡು ಅರ್ಧ ನೀರು ತೆಗೆದು, ಕಲ್ಲುಗಳನ್ನೆಲ್ಲ ನಲ್ಲಿ ಕೆಳಗೆ ಹಿಡಿದು ಬ್ರಷ್ ಹಾಕಿ ಉಜ್ಜಿದ, ಫಿಲ್ಟರ್ ಸ್ಪಂಜನ್ನೂ ತೊಳೆದ. ಮಾರನೇ ದಿನ ಮತ್ತೆ ಮಬ್ಬು, ಮತ್ತೆ ತೊಳೆದ. ಹತ್ತನೇ ದಿನಕ್ಕೆ ನಾಲ್ಕೂ ಮೀನು ಹೋದವು. "ಮಾಮ, ದಿನಾ ಕ್ಲೀನ್ ಮಾಡ್ತಿದ್ದೆ, ಆದ್ರೂ ಸತ್ತೋದ್ವು" ಅಂತ ಫೋನಿನಲ್ಲಿ ಅತ್ತುಬಿಟ್ಟ.

ಆಮೇಲೆ ನಮಗೆ ಅರ್ಥವಾಗಿದ್ದು ಇಷ್ಟು: ಅವನು ದಿನಾ ಕ್ಲೀನ್ ಮಾಡಿದ್ದಕ್ಕೇ ಅವು ಸತ್ತದ್ದು. ಈಗ ಅದೇ ಹುಡುಗನ ಎರಡನೇ ತೊಟ್ಟಿ ಗುಬ್ಬಿ ಹತ್ತಿರದ ನಮ್ಮ ತೋಟದ ಮನೆಯಲ್ಲಿದೆ. ಎರಡು ಬೇಸಿಗೆ ಕಳೆದಿದೆ. ದಿನಕ್ಕೆ ಎರಡು ನಿಮಿಷ, ವಾರಕ್ಕೆ ಇಪ್ಪತ್ತು ನಿಮಿಷ, ತಿಂಗಳಿಗೆ ಒಂದು ಬಕೆಟ್ ನೀರು, ಅಷ್ಟೇ ಕೆಲಸ. ಏನು ಬದಲಾಯಿಸಿದೆವು ಅನ್ನೋದನ್ನ ಒಂದೊಂದಾಗಿ ಹೇಳ್ತೀನಿ.

ಯೂರಿಯಾ ಗೊತ್ತಿದ್ದವರಿಗೆ ಇದು ಸುಲಭ

ಹೊಲಕ್ಕೆ ಯೂರಿಯಾ ಹಾಕಿದರೆ ಗಿಡ ಅದನ್ನು ನೇರವಾಗಿ ತಿನ್ನಲ್ಲ ಅಂತ ನಿಮಗೆ ಗೊತ್ತು. ಮಣ್ಣಿನಲ್ಲಿ ಅದು ಮೊದಲು ಅಮೋನಿಯಾ ರೂಪಕ್ಕೆ ಬರುತ್ತೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತೆ. ಕೊನೆಗೆ ನೈಟ್ರೇಟನ್ನು ಬೇರು ಹೀರುತ್ತೆ.

ಮೀನಿನ ತೊಟ್ಟಿಯಲ್ಲೂ ಇದೇ ಕಥೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತೆ. ಹಿಕ್ಕೆ, ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾನೇ. ಮೀನಿಗೆ ಇದು ವಿಷ. ಉಪ್ಪುನೀರಿನಲ್ಲಿ ಇನ್ನೂ ಕಷ್ಟ, ಯಾಕಂದ್ರೆ ಸಮುದ್ರದ ನೀರಿನ ಪಿಎಚ್ 8.1ರಿಂದ 8.3ರಷ್ಟಿರುತ್ತೆ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷದ ಭಾಗ ಜಾಸ್ತಿ. ನೈಟ್ರೈಟ್ ಕೂಡ ಒಳ್ಳೆಯದಲ್ಲ. ಇವೆರಡಕ್ಕೆ ಹೋಲಿಸಿದರೆ ನೈಟ್ರೇಟ್ ಸಾಧು. ಸ್ವಲ್ಪ ಇದ್ದರೂ ಮೀನು ತಡೆಯುತ್ತೆ.

ಈ ಕೆಲಸ ಮಾಡೋ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡೋದು ಬಹಳ ಕಡಿಮೆ. ಕಲ್ಲಿನ ರಂಧ್ರ, ಮರಳು, ಸ್ಪಂಜು, ಇಲ್ಲಿ ಅಂಟಿಕೊಂಡು ಬದುಕುತ್ತೆ. ನಿಧಾನವಾಗಿ ಬೆಳೆಯುತ್ತೆ, ಸಾಕಷ್ಟು ಆಗೋಕೆ ನಾಲ್ಕರಿಂದ ಆರು ವಾರ ಬೇಕು. ಅಕ್ಕನ ಮಗ ಮೂರನೇ ದಿನಕ್ಕೆ ಮೀನು ಬಿಟ್ಟಾಗ ಅವು ಇರಲೇ ಇಲ್ಲ. ಹುಟ್ಟಿದ ಚೂರುಪಾರನ್ನೂ ಕ್ಲೋರಿನ್ ಇರೋ ನಗರದ ನಲ್ಲಿ ನೀರಿನಲ್ಲಿ ಉಜ್ಜಿ ಕೊಂದ. ಹೊಲದ ಮೇಲ್ಮಣ್ಣನ್ನು ದಿನಾ ಕೆರೆದು ಹೊರಗೆ ಹಾಕಿ, ಬೆಳೆ ಬರಲಿಲ್ಲ ಅಂದಹಾಗಾಯ್ತು.

ಹಾಗಾಗಿ ಮೊದಲ ಪಾಠ: ಕಲ್ಲು, ಮರಳು, ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೀಬೇಡಿ. ಸ್ಪಂಜು ಕಟ್ಟಿಕೊಂಡರೆ ತೊಟ್ಟಿಯಿಂದಲೇ ತೆಗೆದ ಉಪ್ಪುನೀರಿನಲ್ಲಿ ಎರಡು ಸಲ ಹಿಂಡಿ ವಾಪಸ್ ಹಾಕಿ.

ಹವಳ ಕೊಳ್ಳೋ ಮುಂಚೆ ಕಾನೂನು ತಿಳ್ಕೊಳ್ಳಿ

ರೀಲ್ಸ್‌ನಲ್ಲಿ ಗಿಡದ ಥರ ಕಾಣೋ ಹವಳ ಗಿಡ ಅಲ್ಲ, ಪ್ರಾಣಿ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳ, ಕಪ್ಪು ಹವಳ, ಬೀಸಣಿಗೆ ಹವಳ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೇ ಅನುಸೂಚಿಯಲ್ಲಿವೆ. ಹುಲಿ, ಆನೆಗೆ ಇರೋ ರಕ್ಷಣೆಯೇ ಇವಕ್ಕೂ. ಸಮುದ್ರಕುದುರೆ, ಸಮುದ್ರಸೌತೆ, ಕೆಲವು ಶಂಖ-ಚಿಪ್ಪಿನ ಜಾತಿಗಳೂ ಪಟ್ಟಿಯಲ್ಲಿವೆ. ಸತ್ತ ಹವಳದ ತುಂಡು ಶೋಕೇಸಿನಲ್ಲಿಟ್ಟರೂ ಕೇಸಾಗಬಹುದು. ಮೊದಲನೇ ಅನುಸೂಚಿಯ ಪ್ರಾಣಿ ವಿಷಯದಲ್ಲಿ ತಪ್ಪು ಸಾಬೀತಾದರೆ 3 ವರ್ಷದಿಂದ 7 ವರ್ಷದವರೆಗೆ ಜೈಲು, ಜೊತೆಗೆ ದಂಡ.

"ಲೈವ್ ರಾಕ್" ಅಂತ ಮಾರೋ ಕಲ್ಲಿನ ಬಗ್ಗೆಯೂ ಎಚ್ಚರ. ಅದು ದಿಬ್ಬದಿಂದ ಒಡೆದು ತಂದ ಕಲ್ಲಾಗಿದ್ದರೆ ಹವಳಾನೇ ತಂದ ಹಾಗೆ. ನಮ್ಮ ರಾಜ್ಯದಲ್ಲೇ ಮುರುಡೇಶ್ವರದ ಎದುರಿನ ಸಮುದ್ರದಲ್ಲಿ ನೇತ್ರಾಣಿ ದ್ವೀಪ ಇದೆ. ಅದರ ಸುತ್ತ ಹವಳ ಇದೆ, ಜನ ಡೈವಿಂಗ್ ಮಾಡಿ ನೋಡಿ ಬರ್ತಾರೆ. ಆಸೆ ಇದ್ದರೆ ಅಲ್ಲಿ ಹೋಗಿ ನೋಡಿ ಬನ್ನಿ, ಕಿತ್ತು ತರೋದು ಬೇಡ.

"ಇದು ವಿದೇಶದ್ದು, ಏನೂ ಆಗಲ್ಲ" ಅಂತ ಮಾರುವವರು ಹೇಳಿದರೆ ಆಮದಿನ ಕಾಗದ, ಬಿಲ್ಲು ಕೇಳಿ. ತೋರಿಸದಿದ್ದರೆ ಬಿಟ್ಟು ಬನ್ನಿ. ನಮ್ಮ ತೊಟ್ಟಿಯಲ್ಲಿ ಹವಳ ಇಲ್ಲವೇ ಇಲ್ಲ. ಒಣ ಸೆರಾಮಿಕ್ ಕಲ್ಲು, ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ನಾಲ್ಕು ಸಣ್ಣ ಬಸವನಹುಳು, ಒಂದು ಮೂಲೆಯಲ್ಲಿ ಹಸಿರು ಪಾಚಿ. ಹವಳ ಇಲ್ಲದ್ದರಿಂದ ದುಬಾರಿ ಲೈಟೂ ಬೇಡ, ದಿನಾ ಕ್ಯಾಲ್ಸಿಯಂ ಅಳೆಯೋದೂ ಬೇಡ. ಅರ್ಧ ಕೆಲಸ ಅಲ್ಲೇ ಕಡಿಮೆ ಆಯ್ತು.

ಚಿಕ್ಕದು ಅಂದ್ರೆ ಎಷ್ಟು ಚಿಕ್ಕದು?

ಚಿಕ್ಕ ತೊಟ್ಟಿ ಸುಲಭ ಅಂತ ಎಲ್ಲರೂ ಅಂದ್ಕೊಳ್ತಾರೆ. ವಾಸ್ತವ ಉಲ್ಟಾ. ನೀರು ಕಡಿಮೆ ಇದ್ದಷ್ಟೂ ಬಿಸಿ, ಉಪ್ಪು, ಅಮೋನಿಯಾ ಬೇಗ ಏರಿಳಿಯುತ್ತೆ. 100 ಲೀಟರ್ ಒಳ್ಳೆ ಅಳತೆ. ಅದಕ್ಕಿಂತ ಚಿಕ್ಕದು ಹೊಸಬರಿಗೆ ಬೇಡ. ನೀರೇ 100 ಕಿಲೋ ಮೇಲೆ ತೂಗುತ್ತೆ, ಕಲ್ಲು-ಗಾಜು ಸೇರಿ ಇನ್ನೂ ಜಾಸ್ತಿ. ಹಳೇ ಟಿವಿ ಸ್ಟ್ಯಾಂಡ್ ತಡೆಯಲ್ಲ, ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಅಥವಾ ಕಲ್ಲಿನ ಕಟ್ಟೆ ಬೇಕು. ಬಿಸಿಲು ಬೀಳುವ ಕಿಟಕಿ ಪಕ್ಕ ಇಟ್ಟರೆ ಪಾಚಿ ಗ್ಯಾರಂಟಿ.

ಕರೆಂಟಿನ ವಿಷಯ ಹಗುರ ಮಾಡ್ಕೋಬೇಡಿ. ಉಪ್ಪುನೀರು ಕರೆಂಟನ್ನು ಚೆನ್ನಾಗಿ ಹರಿಸುತ್ತೆ. ಪ್ಲಗ್ ಬೋರ್ಡ್ ತೊಟ್ಟಿಗಿಂತ ಎತ್ತರದಲ್ಲಿರಲಿ. ವೈರು ಪ್ಲಗ್ಗಿಗೆ ಹೋಗೋ ಮುಂಚೆ ಕೆಳಗೆ ಜೋತುಬಿದ್ದು ಮೇಲೇರಲಿ. ಆಗ ವೈರಿನ ಮೇಲೆ ಜಾರಿ ಬರೋ ಹನಿ ಆ ಬಾಗಿನಲ್ಲೇ ಕೆಳಗೆ ಬೀಳುತ್ತೆ. ಆ ಲೈನಿಗೆ ಇಎಲ್‌ಸಿಬಿ ಹಾಕಿಸಿ. ಕೈ ಇಳಿಸೋ ಮುಂಚೆ ಎಲ್ಲ ಸ್ವಿಚ್ ಆಫ್.

ನೀರು ಸರಿ ಇದ್ದರೆ ಮುಕ್ಕಾಲು ಕೆಲಸ ಮುಗೀತು

ನಮ್ಮ ಬೋರ್ ನೀರಿನ ಟಿಡಿಎಸ್ 860 ಬಂತು. ಅದರಲ್ಲಿ ಗಡಸುತನ, ನೈಟ್ರೇಟ್, ಸಿಲಿಕೇಟ್ ಎಲ್ಲ ಇರುತ್ತೆ. ಇವು ಪಾಚಿಗೆ ಗೊಬ್ಬರ. ತುಮಕೂರು ನಗರದಲ್ಲಿ ಬುಗುಡನಹಳ್ಳಿ ಕೆರೆಯಿಂದ ಬರೋ ಹೇಮಾವತಿ ನೀರಿನ ಟಿಡಿಎಸ್ ಬೋರಿಗಿಂತ ಕಡಿಮೆ ಇದ್ದರೂ ಕ್ಲೋರಿನ್ ಹಾಕಿರ್ತಾರೆ. ಎರಡನ್ನೂ ನೇರವಾಗಿ ಬಳಸೋ ಹಾಗಿಲ್ಲ. ಆರ್‌ಒ ನೀರೇ ಬೇಕು.

ಇಲ್ಲೊಂದು ಮೋಸ ಇದೆ. ಕುಣಿಗಲ್‌ನಲ್ಲಿರೋ ನನ್ನ ಸ್ನೇಹಿತನ ತೊಟ್ಟಿಯಲ್ಲಿ ಆರು ತಿಂಗಳು ಗಾಜಿನ ಮೇಲೆ ಕಂದು ಬಣ್ಣದ ಲೇಪ ಹೋಗಲೇ ಇಲ್ಲ. "ನಾನು ಆರ್‌ಒ ನೀರೇ ಹಾಕ್ತಿರೋದು" ಅಂತಿದ್ದ. ಮೀಟರ್ ಇಟ್ಟು ನೋಡಿದರೆ ಟಿಡಿಎಸ್ 70. ಕುಡಿಯೋ ನೀರಿನ ಮೆಷಿನ್‌ಗಳಲ್ಲಿ ರುಚಿಗೆ ಅಂತ ಸ್ವಲ್ಪ ಹಸಿ ನೀರು ಬೆರೆಸುವ ಒಂದು ಸಣ್ಣ ತಿರುಪು ಇರುತ್ತೆ. ತೊಟ್ಟಿಗೆ ನೀರು ಹಿಡಿಯೋವಾಗ ಅದನ್ನು ಪೂರ್ತಿ ಮುಚ್ಚಬೇಕು. ಮುಚ್ಚಿದ ಮೇಲೆ 12ಕ್ಕೆ ಇಳೀತು. ಸೊನ್ನೆಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಎರಡು ತಿಂಗಳಲ್ಲಿ ಕಂದು ಲೇಪ ತಾನಾಗೇ ಕಡಿಮೆ ಆಯ್ತು. ಆರ್‌ಒ ಹೊರಗೆ ಬಿಡೋ ನೀರನ್ನು ಪಾತ್ರೆ, ನೆಲ ತೊಳೆಯೋಕೆ ಬಳಸಿ.

ಇನ್ನು ಉಪ್ಪು. ಅಡುಗೆ ಉಪ್ಪು, ದನಕ್ಕೆ ಹಾಕೋ ಉಪ್ಪು ನಡೆಯಲ್ಲ. ಸಮುದ್ರದ ನೀರಿನಲ್ಲಿ ಬರೀ ಸೋಡಿಯಂ ಕ್ಲೋರೈಡ್ ಇಲ್ಲ; ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ, ಸಲ್ಫೇಟ್, ಕಾರ್ಬೊನೇಟ್ ಎಲ್ಲ ಇರುತ್ತೆ. ಅಕ್ವೇರಿಯಂಗೆ ಅಂತಲೇ ಸಿಗೋ ಸಮುದ್ರ ಉಪ್ಪು ತನ್ನಿ. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕ, ಅಂದ್ರೆ 100 ಲೀಟರಿಗೆ ಮೂರೂವರೆ ಕಿಲೋ. ಬೇರೆ ಡ್ರಮ್ಮಿನಲ್ಲಿ ಕಲಸಿ, ಸಣ್ಣ ಪಂಪು ಹಾಕಿ ಒಂದು ದಿನ ತಿರುಗಿಸಿ. ರಿಫ್ರಾಕ್ಟೋಮೀಟರಿನಲ್ಲಿ ಸಾಂದ್ರತೆ 1.025 ಬರಬೇಕು. ಮೀನಿರೋ ತೊಟ್ಟಿಗೆ ಒಣ ಉಪ್ಪು ಯಾವತ್ತೂ ಸುರೀಬೇಡಿ.

ಆವಿಯಾಗೋದು ನೀರು ಮಾತ್ರ

ಇದನ್ನು ಮರೆತು ಬಹಳ ಜನ ಮೀನು ಕಳ್ಕೊಳ್ತಾರೆ. ನೀರು ಆವಿಯಾಗುತ್ತೆ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ನಮ್ಮ ತೊಟ್ಟಿಯಿಂದ ದಿನಕ್ಕೆ ಎರಡು ಲೀಟರ್ ಹೋಗುತ್ತೆ. ಒಂದು ವಾರ ಹಾಗೇ ಬಿಟ್ಟರೆ 14 ಲೀಟರ್ ಖಾಲಿ. ಲೀಟರಿಗೆ 35 ಗ್ರಾಂ ಇದ್ದ ಉಪ್ಪು 40 ದಾಟುತ್ತೆ. ನೋಡೋಕೆ ನೀರು ಕನ್ನಡಿ ಥರ ಇರುತ್ತೆ, ಒಳಗೆ ಮೀನು ಒದ್ದಾಡ್ತಿರುತ್ತೆ.

ಕಡಿಮೆಯಾದ ಮಟ್ಟವನ್ನು ಉಪ್ಪಿಲ್ಲದ ಆರ್‌ಒ ನೀರಿನಿಂದ ತುಂಬಿಸಿ. ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿಡಿ, ದಿನಾ ಗೆರೆಯವರೆಗೆ ತುಂಬಿಸಿದರೆ ಆಯ್ತು. ಅದೂ ಕೆಲಸ ಅನ್ನಿಸಿದರೆ ಹಸುವಿನ ನೀರಿನ ತೊಟ್ಟಿಗೆ ಹಾಕ್ತೀವಲ್ಲ, ಆ ಫ್ಲೋಟ್ ವಾಲ್ವಿನ ಪ್ಲಾಸ್ಟಿಕ್ಕಿನ ಚಿಕ್ಕ ರೂಪ ಸಿಗುತ್ತೆ. ಮೇಲೆ ಐದು ಲೀಟರಿನ ಕ್ಯಾನ್ ಇಟ್ಟು ಜೋಡಿಸಿ. ಕ್ಯಾನ್ ದೊಡ್ಡದು ಬೇಡ. ವಾಲ್ವ್ ಸಿಕ್ಕಿಹಾಕ್ಕೊಂಡು ಐದು ಲೀಟರೂ ಒಮ್ಮೆಗೇ ಸುರಿದರೆ ಮೀನು ತಡೆಯುತ್ತೆ. 50 ಲೀಟರ್ ಸುರಿದರೆ ತೊಟ್ಟಿಯೂ ಹೋಯ್ತು, ಮನೆಯೂ ಹೋಯ್ತು.

ಆರು ವಾರ ಕಾಯಿರಿ

ಎಂಟು-ಹತ್ತು ಲೀಟರಿಗೆ ಒಂದು ಕಿಲೋ ರಂಧ್ರವಿರೋ ಒಣ ಕಲ್ಲು ಸಾಕು. ನಡುವೆ ನೀರು ಹರಿಯೋ ಹಾಗೆ ಸಡಿಲವಾಗಿ ಜೋಡಿಸಿ. ಮರಳು ಒಂದಿಂಚು ಸಾಕು. ಒಂದು ಸಣ್ಣ ಪಂಪು ನೀರನ್ನು ಸದಾ ತಿರುಗಿಸ್ತಾ ಇರಲಿ, ಮೇಲ್ಮೈ ಅಲೆಯಾಡ್ತಿರಲಿ. ಆಮ್ಲಜನಕ ಬರೋದು ಅಲ್ಲಿಂದ.

ಮೀನಿಲ್ಲದೆ ಎರಡು ದಿನಕ್ಕೊಮ್ಮೆ ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಬಂದು ಬ್ಯಾಕ್ಟೀರಿಯಾಗೆ ಊಟ ಆಗುತ್ತೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಏರಿ ಇಳಿಯುತ್ತೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತೆ, ಕೊನೆಗೆ ನೈಟ್ರೇಟ್ ಕಾಣುತ್ತೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಆಗಿ ಒಂದು ವಾರ ಹಾಗೇ ನಿಂತರೆ ತೊಟ್ಟಿ ತಯಾರು. ಈ ಮಧ್ಯೆ ಮಬ್ಬು, ಕಂದು ಧೂಳು ಬಂದರೆ ಹೆದರಬೇಡಿ, ಏನೂ ಮಾಡಬೇಡಿ. ಅಕ್ಕನ ಮಗ ಬ್ರಷ್ ಹಿಡಿದು ಬರ್ತಿದ್ದ, ನಾನು ಕಿತ್ತಿಟ್ಟುಕೊಂಡೆ.

ಮೀನು ಎಷ್ಟು ಕಡಿಮೆಯೋ ಕೆಲಸ ಅಷ್ಟು ಕಡಿಮೆ

100 ಲೀಟರಿಗೆ ಎರಡು ಅಥವಾ ಮೂರು ಸಣ್ಣ ಮೀನು. ಅದಕ್ಕಿಂತ ಒಂದೂ ಜಾಸ್ತಿ ಬೇಡ. ಮೊದಲು ಒಂದು ಜೋಡಿ ಬಿಡಿ, ತಿಂಗಳು ಬಿಟ್ಟು ಇನ್ನೊಂದು.

ಹ್ಯಾಚರಿಯಲ್ಲಿ ಮರಿ ಮಾಡಿದ ಕ್ಲೌನ್ ಮೀನನ್ನೇ ಕೇಳಿ ತನ್ನಿ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲಿ ಅಭಿವೃದ್ಧಿಪಡಿಸಿದೆ. ಹಾಗೆ ಹುಟ್ಟಿದ ಮೀನು ತೊಟ್ಟಿಗೆ ಒಗ್ಗಿರುತ್ತೆ, ಒಣ ಆಹಾರ ತಿನ್ನುತ್ತೆ, ಸಮುದ್ರಕ್ಕೂ ನಷ್ಟ ಇಲ್ಲ. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡೇ. ಜೋಡಿಯಲ್ಲಿ ದೊಡ್ಡದು ಆಮೇಲೆ ಹೆಣ್ಣಾಗುತ್ತೆ. ಅದಕ್ಕೇ ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ, ಜಗಳ ಕಡಿಮೆ. ಸಿನಿಮಾದಲ್ಲಿ ತೋರಿಸೋ ಅನಿಮೋನ್ ಇಲ್ಲದೆಯೂ ಆರಾಮಾಗಿ ಬದುಕುತ್ತೆ.

ಆಹಾರ ದಿನಕ್ಕೆ ಒಂದು ಸಲ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ವಾರಕ್ಕೊಂದು ದಿನ ಉಪವಾಸ. ಮನೆಗೆ ಬಂದ ಮಕ್ಕಳೆಲ್ಲ ಒಂದೊಂದು ಚಿಟಿಕೆ ಹಾಕೋದು ನಿಲ್ಲಿಸಿ. ನಾವು ಡಬ್ಬಿಯನ್ನೇ ಬೀರುವಿನಲ್ಲಿಟ್ಟಿದ್ದೀವಿ. ಕೊಳೆ ಬರೋದು ಮೀನಿನಿಂದಲ್ಲ, ನಮ್ಮ ಪ್ರೀತಿಯಿಂದ.

ನಿಮ್ಮ ಬದಲು ಕೆಲಸ ಮಾಡೋ ಆಳುಗಳು

ಬ್ಯಾಕ್ಟೀರಿಯಾ ಅಮೋನಿಯಾ ನೋಡ್ಕೊಳ್ಳುತ್ತೆ. ಗಾಜು, ಕಲ್ಲಿನ ಮೇಲಿನ ಪಾಚಿಯನ್ನು ಬಸವನಹುಳು ಮೇಯುತ್ತೆ, ಉಳಿದ ಆಹಾರವನ್ನು ಸನ್ಯಾಸಿ ಏಡಿ ಹೆಕ್ಕುತ್ತೆ. ನಾಲ್ಕೈದು ಸಾಕು, ಜಾಸ್ತಿ ತಂದರೆ ಮೇವಿಲ್ಲದೆ ಸತ್ತು ಅವೇ ಕೊಳೆಯಾಗುತ್ತೆ.

ಉಳಿದದ್ದು ನೈಟ್ರೇಟ್, ಫಾಸ್ಫೇಟ್. ಇದಕ್ಕೆ ಒಂದು ಮೂಲೆಯಲ್ಲಿ ಜಾಲರಿ ಹಾಕಿ ಕೀಟೊ ಅನ್ನೋ ಹಸಿರು ಪಾಚಿ ಬೆಳೆಸಿ. ನೋಡೋಕೆ ಹಸಿರು ನೂಲಿನ ಉಂಡೆ ಥರ. ಅದು ನೈಟ್ರೇಟ್ ತಿಂದು ಬೆಳೆಯುತ್ತೆ, ನೀವು ತಿಂಗಳಿಗೊಮ್ಮೆ ಅರ್ಧ ಕೊಯ್ದು ತೆಗೀರಿ. ನೇಪಿಯರ್ ಹುಲ್ಲು ಕೊಯ್ದ ಹಾಗೇ: ಕೊಯ್ದಷ್ಟೂ ಸತ್ವ ಹೊರಗೆ ಹೋಗುತ್ತೆ. ಕೊಯ್ದದ್ದನ್ನು ಸಿಹಿನೀರಿನಲ್ಲಿ ಜಾಲಿಸಿ ತಿಪ್ಪೆಗೆ ಹಾಕಬಹುದು.

ಕೆಲಸದ ಪಟ್ಟಿ: ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ

ದಿನಾ: ಆಹಾರ, ನೀರಿನ ಗೆರೆ, ಮೀನು ಮೂರೂ ಇದೆಯಾ ಅಂತ ಒಂದು ನೋಟ. ಎರಡು ನಿಮಿಷ.

ವಾರಕ್ಕೊಮ್ಮೆ: ಮ್ಯಾಗ್ನೆಟ್ ಉಜ್ಜುಗದಿಂದ ಮುಂದಿನ ಗಾಜು ಮಾತ್ರ ಒರೆಸಿ, ಹಿಂದಿನದು ಹುಳುಗಳಿಗೆ ಬಿಡಿ. ಫಿಲ್ಟರಿನ ಮೇಲಿನ ಬಿಳಿ ಹತ್ತಿ ಬದಲಿಸಿ. ಉಪ್ಪು ಅಳೆದು ಫೋನಿನಲ್ಲಿ ಬರೆದಿಡಿ. ಇಪ್ಪತ್ತು ನಿಮಿಷ.

ತಿಂಗಳಿಗೊಮ್ಮೆ: 10 ಲೀಟರ್ ಹಳೇ ನೀರು ತೆಗೆದು, ಅಷ್ಟೇ ಉಪ್ಪು, ಅಷ್ಟೇ ಬಿಸಿ ಇರೋ ಹೊಸ ನೀರು ಹಾಕಿ. ತೆಗೆಯೋವಾಗ ಪೈಪಿನಿಂದ ಮರಳಿನ ಮೇಲಿನ ಕಸ ಹೀರಿ. ನೈಟ್ರೇಟ್ ಅಳೆಯಿರಿ. 20 ಪಿಪಿಎಂ ದಾಟಿದ್ದರೆ ಆಹಾರ ಕಡಿಮೆ ಮಾಡಿ, ಇನ್ನೊಂದು ಬಕೆಟ್ ಬದಲಿಸಿ.

ಲೈಟು ದಿನಕ್ಕೆ 6ರಿಂದ 8 ಗಂಟೆ ಸಾಕು. ಟೈಮರ್ ಹಾಕಿ ಮರೆತುಬಿಡಿ.

ಬೇಸಿಗೆ ಮತ್ತು ಕರೆಂಟ್

ಈ ತೊಟ್ಟಿಗೆ 25ರಿಂದ 27 ಡಿಗ್ರಿ ಬೇಕು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಹೊರಗೆ 35 ದಾಟುತ್ತೆ. ಶೀಟಿನ ಮನೆಯಲ್ಲಿ ಈ ತೊಟ್ಟಿ ಸಾಕೋದು ಬೇಡ. ಹೆಂಚಿನ ಅಥವಾ ಆರ್‌ಸಿಸಿ ಮನೆಯ ತಂಪು ಕೋಣೆ ಇರಲಿ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಬೀಸಿದರೆ ಎರಡು-ಮೂರು ಡಿಗ್ರಿ ಇಳಿಯುತ್ತೆ. ಮಡಕೆ ನೀರು ತಣ್ಣಗಾಗೋದು ಇದೇ ಲೆಕ್ಕದಲ್ಲಿ. ಐಸ್ ಗಡ್ಡೆ ನೇರವಾಗಿ ಹಾಕಬೇಡಿ.

ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದರ ಜೊತೆಗೆ ಕರೆಂಟ್ ಹೋದರೆ ಅಪಾಯ. ಕಳೆದ ವರ್ಷ ಮೇ ತಿಂಗಳ ಗಾಳಿಮಳೆಗೆ ತೆಂಗಿನ ಮರ ಲೈನಿನ ಮೇಲೆ ಬಿದ್ದು ನಮಗೆ ಹದಿನಾಲ್ಕು ಗಂಟೆ ಕರೆಂಟ್ ಇರಲಿಲ್ಲ. ಬ್ಯಾಟರಿಯ ಸಣ್ಣ ಗಾಳಿ ಪಂಪು ಇತ್ತು, ಅದೇ ಕಾಪಾಡಿತು. ಮಧ್ಯರಾತ್ರಿ ಸೆಲ್ ಮುಗಿದಾಗ ಅಕ್ಕನ ಮಗ ಕೂತು ಚೆಂಬಿನಲ್ಲಿ ತೊಟ್ಟಿ ನೀರನ್ನೇ ಮೊಗೆದು ಒಂದಡಿ ಮೇಲಿಂದ ಸುರೀತಾ ಇದ್ದ. ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಹೀಗೆ ಮಾಡಿದರೂ ಗಾಳಿ ಸೇರುತ್ತೆ. ಮೂರೇ ಮೀನು ಇದ್ದದ್ದಕ್ಕೆ ಉಳೀತು. ಕರೆಂಟ್ ಇಲ್ಲದಾಗ ಆಹಾರ ಹಾಕಬೇಡಿ.

ರೈತರ ಮನೆಗೇ ಇರೋ ಎರಡು ಅಪಾಯ

ಒಂದು, ನಮ್ಮ ಕೈ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಬಂದ ಕೈಯಲ್ಲಿ ಮೈಲುತುತ್ತದ ತಾಮ್ರ ಇರುತ್ತೆ. ಬಸವನಹುಳು, ಏಡಿ, ಸೀಗಡಿಗೆ ತಾಮ್ರ ಅತಿ ಕಡಿಮೆ ಪ್ರಮಾಣದಲ್ಲೂ ವಿಷ. ಕೀಟನಾಶಕದ್ದೂ ಅದೇ ಕಥೆ. ಸ್ಪ್ರೇ ಮಾಡಿದ ದಿನ ತೊಟ್ಟಿಗೆ ಕೈ ಹಾಕಬೇಡಿ, ಸ್ಪ್ರೇಗೆ ಬಳಸಿದ ಬಕೆಟ್ ಎಷ್ಟೇ ತೊಳೆದಿದ್ದರೂ ತೊಟ್ಟಿಗೆ ಬಳಸಬೇಡಿ. ಮೀನಿನ ಕಾಯಿಲೆಗೆ ಕೊಡೋ ಕೆಲವು ಔಷಧಿಗಳಲ್ಲೂ ತಾಮ್ರ ಇರುತ್ತೆ, ಅದನ್ನು ಬೇರೆ ತೊಟ್ಟಿಯಲ್ಲೇ ಕೊಡಬೇಕು. ಸೊಳ್ಳೆಗೆ ಹೊಡೆಯೋ ಸ್ಪ್ರೇ ಆ ಕೋಣೆಯಲ್ಲಿ ಬೇಡವೇ ಬೇಡ.

ಎರಡು, ತೆಗೆದ ಉಪ್ಪುನೀರು. ಇದು ತೊಟ್ಟಿಗಲ್ಲ, ಹೊಲಕ್ಕೆ ಅಪಾಯ. ಮಣ್ಣು-ನೀರು ಪರೀಕ್ಷೆ ಮಾಡಿಸಿದವರಿಗೆ ಇಸಿ ಅನ್ನೋ ಅಂಕಿ ಗೊತ್ತಿರುತ್ತೆ. ನೀರಿನ ಇಸಿ 3 ದಾಟಿದರೆ ಹೆಚ್ಚಿನ ಬೆಳೆಗೆ ಕಷ್ಟ. ಸಮುದ್ರದ ನೀರಿನದು 50ರ ಆಸುಪಾಸು. 10 ಲೀಟರಿನಲ್ಲಿ ಸುಮಾರು 350 ಗ್ರಾಂ ಉಪ್ಪು, ವರ್ಷಕ್ಕೆ ನಾಲ್ಕು ಕಿಲೋ ಮೇಲೆ. ಅದನ್ನು ದಿನಾ ಕೈಗೆ ಸಿಕ್ಕ ಜಾಗಕ್ಕೆ, ಅಡಿಕೆ ಸಸಿ, ವೀಳ್ಯದೆಲೆ, ತರಕಾರಿ ಮಡಿ, ಹೂಕುಂಡಕ್ಕೆ ಚೆಲ್ಲಿದರೆ ಗಿಡ ಸುಡುತ್ತೆ. ಬೋರ್‌ವೆಲ್ ಇಂಗುಗುಂಡಿ, ಬಾವಿ, ಕೃಷಿಹೊಂಡದ ಹತ್ತಿರಕ್ಕೂ ತರಬೇಡಿ.

ನಗರದಲ್ಲಾದರೆ ಒಳಚರಂಡಿಗೆ ಬಿಡಿ. ಹಳ್ಳಿಯಲ್ಲಿ ನಾವು ಮಾಡೋದು ಹೀಗೆ: ತೆಂಗು ಉಪ್ಪನ್ನು ತಾಳುತ್ತೆ, ಬುಡಕ್ಕೆ ಉಪ್ಪು ಹಾಕೋ ರೂಢಿ ನಮ್ಮ ಹಿರಿಯರದ್ದೇ. ಫಸಲು ಬಿಡೋ ದೊಡ್ಡ ಮರಕ್ಕೆ, ಬುಡದಿಂದ ನಾಲ್ಕಡಿ ದೂರ, ತಿಂಗಳಿಗೆ ಒಂದು ಮರದಂತೆ ಸರದಿ. ಒಂದು ಮರಕ್ಕೆ ವರ್ಷದಲ್ಲಿ ಒಂದೇ ಸಲ. ನೀರು ನಿಲ್ಲುವ ಜಿಗಟು ಮಣ್ಣಾಗಿದ್ದರೆ ಅದೂ ಬೇಡ.

ಸಾಕೋಕೆ ಆಗದಿದ್ದರೆ ಯಾವ ಜೀವಿಯನ್ನೂ ಕೆರೆಗೆ ಬಿಡಬೇಡಿ. ಉಪ್ಪುನೀರಿನ ಮೀನು ನಮ್ಮ ಅಮಾನಿಕೆರೆಯಲ್ಲೋ, ಕುಣಿಗಲ್ ದೊಡ್ಡಕೆರೆಯಲ್ಲೋ ಸ್ವಲ್ಪ ಹೊತ್ತಿನಲ್ಲೇ ಒದ್ದಾಡಿ ಸಾಯುತ್ತೆ. ಸಿಹಿನೀರಿನ ಸಕ್ಕರ್ ಮೀನಿನಂಥವು ಬದುಕಿಬಿಟ್ಟರೆ ಇನ್ನೂ ಕೆಟ್ಟದ್ದು, ಕೆರೆಯ ನಾಡಮೀನಿನ ಮೇವಿಗೆ ಪಾಲುದಾರನಾಗುತ್ತೆ.

ಹೀಗಾದರೆ ಏನು ಮಾಡೋದು?

ಕಂದು ಧೂಳು: ಹೊಸ ತೊಟ್ಟಿಯಲ್ಲಿ ಮಾಮೂಲು. ತಿಂಗಳುಗಟ್ಟಲೆ ಹೋಗದಿದ್ದರೆ ಆರ್‌ಒ ಟಿಡಿಎಸ್ ನೋಡಿ.

ಹಸಿರು ಕೂದಲು ಪಾಚಿ: ಆಹಾರ ಜಾಸ್ತಿ, ಇಲ್ಲ ಲೈಟು ಜಾಸ್ತಿ. ಕೈಯಿಂದ ಕಿತ್ತು ತೆಗೆಯಿರಿ, ಎರಡನ್ನೂ ಇಳಿಸಿ.

ಕೆಂಪು ಲೋಳೆ: ನೀರು ಹರಿಯದ ಮೂಲೆ ಇದೆ ಅಂತ ಅರ್ಥ. ಪೈಪಿನಿಂದ ಹೀರಿ, ಪಂಪಿನ ಮುಖ ಆ ಕಡೆ ತಿರುಗಿಸಿ.

ಹಾಲಿನಂಥ ಮಬ್ಬು: ಮೊದಲು ಅಮೋನಿಯಾ ಅಳೆಯಿರಿ. ಕಲ್ಲಿನ ಹಿಂದೆ ಏನಾದ್ರೂ ಸತ್ತಿದೆಯಾ ಹುಡುಕಿ. ಕಲ್ಲು ತೊಳೆಯೋಕೆ ಹೋಗಬೇಡಿ.

ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ: ಗಾಳಿ ಕೊಡಿ, ಬಿಸಿ ನೋಡಿ, ಉಪ್ಪು ನೋಡಿ. ಇದೇ ಕ್ರಮದಲ್ಲಿ.

ಕೊನೆಯದಾಗಿ

ಇದರಿಂದ ದುಡ್ಡು ಬರುತ್ತಾ? ಬರಲ್ಲ. ಇದು ಹವ್ಯಾಸ. ತೊಟ್ಟಿ, ಸ್ಟ್ಯಾಂಡ್, ಪಂಪು, ಲೈಟು, ಉಪ್ಪು, ಮೀಟರ್ ಎಲ್ಲ ಸೇರಿ ನಮಗೆ 25 ಸಾವಿರದಷ್ಟು ಆಯ್ತು. ಸಾಲ ಮಾಡಿ ಮಾಡೋದಂತೂ ಬೇಡ. ಆದರೆ ಕೃಷಿಹೊಂಡದಲ್ಲಿ ಕಾಟ್ಲಾ, ರೋಹು ಬಿಡೋಕೆ ಹೊರಟವರು, ಬಯೋಫ್ಲಾಕ್ ವಿಡಿಯೋ ನೋಡ್ತಿರೋರು ಈ ಲೆಕ್ಕವನ್ನು ನೆನಪಿಡಿ. ಅಲ್ಲೂ ಮೀನು ಸಾಯೋದು ಹೆಚ್ಚಾಗಿ ಇದೇ ಕಾರಣಕ್ಕೆ: ಮೀನು ಜಾಸ್ತಿ, ಆಹಾರ ಜಾಸ್ತಿ, ಅಮೋನಿಯಾ ಅಳೆಯಲ್ಲ, ಕರೆಂಟ್ ಹೋದಾಗ ಗಾಳಿ ಇಲ್ಲ. 100 ಲೀಟರಿನಲ್ಲಿ ಕಲಿತರೆ ನಷ್ಟ ಮೂರು ಮೀನು, ಹೊಂಡದಲ್ಲಿ ಕಲಿತರೆ ಒಂದು ವರ್ಷದ ದುಡಿಮೆ.

ಅಕ್ಕನ ಮಗ ಈಗ ತೋಟದ ಹೊಂಡದ ನೀರನ್ನೂ ಅದೇ ಕಿಟ್‌ನಲ್ಲಿ ಅಳೀತಾನೆ. ಆವತ್ತು ನಾನು ಕಿತ್ತಿಟ್ಟುಕೊಂಡ ಬ್ರಷ್ ಈಗ ಬೈಕ್ ತೊಳೆಯೋಕೆ ಬಳಕೆಯಾಗ್ತಿದೆ.

ನೀವು ಶುರು ಮಾಡೋದಾದರೆ ಈ ವಾರ ತೊಟ್ಟಿ ಕೊಳ್ಳಬೇಡಿ. ಮೊದಲು ನಿಮ್ಮ ಮನೆ ಆರ್‌ಒ ನೀರಿನ ಟಿಡಿಎಸ್ ನೋಡಿ. ಮಧ್ಯಾಹ್ನ ಮೂರು ಗಂಟೆಗೆ ಆ ಕೋಣೆಯ ಬಿಸಿ ಎಷ್ಟು ಅಂತ ಒಂದು ವಾರ ಬರೆದಿಡಿ. ಎರಡೂ ಸರಿ ಇದ್ದರೆ ಮುಂದಿನ ಮಾತು. ಮತ್ತೆ ಸಿಗೋಣ.